ಮೈಮೂನ ಮುಚ್ಚಿದ ಬಾವಿ

ಗುರುವಾರ ಮಧ್ಯಾಹ್ನ ಎರಡರೊಳಗೆ ಮರಳಿನಡಿಯ ಬಾವಿಯೊಂದನ್ನು ಹುಡುಕಿ, ಅದರ ನೀರನ್ನು ಅರಬ್ ನಾಡಿನ ಅಲ್ ಐನ್‌ನ ಸರ್ವೆ ಆಫೀಸಿನ ಮೇಜಿನ ಮೇಲಿಡಬೇಕು. ತಪ್ಪಿದರೆ ನಕ್ಷೆಗೆ ಸಹಿ ಬೀಳುತ್ತದೆ, ಎಣ್ಣೆ ಕೊರೆಯುವ ಯಂತ್ರ ಮೈಮೂನಳ ಬಯಲಿನ ಮೇಲೇ ಬಂದು ಕೂರುತ್ತದೆ. ನೀರಿರುವ ಬಾವಿಯಿದ್ದರೆ ಅರ್ಧ ಕಿಲೋಮೀಟರ್ ಸರಿಯಬೇಕೆಂಬುದು ಕಂಪನಿಯದೇ ನಿಯಮ.

ತಂಡವೆಂದರೆ ಮೂರೇ ಜನ. ಮರುಭೂಮಿಯಲ್ಲಿ ಒಂಟೆ ಮೇಯಿಸುವ ಬದೂ ಜನರ, ಅರವತ್ತು ದಾಟಿದ ಹೆಂಗಸು ಮೈಮೂನ, ಪಿಕಪ್ ಓಡಿಸುವ ಬಜ್ಪೆಯ ವಿಕ್ಟರ್, ಸರ್ವೆ ಹೆಲ್ಪರ್ ಚನಿಯ. ಅವಳ ಜಾಗದಲ್ಲಿ ಕೆಂಪು ಬಾವುಟದ ಗೂಟ ನೆಟ್ಟವನು ಚನಿಯನೇ. ಅವಳು ಕಿತ್ತೆಸೆದಳು, ಇವನು ಮತ್ತೆ ನೆಟ್ಟ. ಮೂರನೆಯ ಸಲ ಅವಳು ಕೀಳಲಿಲ್ಲ, ಗೂಟದ ಪಕ್ಕ ಸುಮ್ಮನೆ ಕುಳಿತಳು. ಚನಿಯನಿಗೆ ಅದನ್ನು ನೋಡಲಾಗಲಿಲ್ಲ. ಊರಿನಲ್ಲಿ ಅವನವರು ಬಳ್ಳಿ ತಂದು ಬುಟ್ಟಿ ಹೆಣೆಯುತ್ತಿದ್ದ ಕಾಡಿಗೂ ಹೀಗೇ ಗೂಟ ಬಿದ್ದಿತ್ತು. ನಕ್ಷೆಯಲ್ಲಿ ಅದು ಖಾಲಿ ಜಾಗವಂತೆ.

ಬಾವಿ ನಕ್ಷೆಯಲ್ಲಿಲ್ಲದ್ದಕ್ಕೆ ಕಾರಣ ಮೈಮೂನಳ ಮನೆತನವೇ. ಬೇರೆ ಕುಲದವರ ಕಣ್ಣಿಗೆ ಬೀಳಬಾರದೆಂದು ಬಾವಿಯ ಬಾಯಿಗೆ ಹಲಗೆ, ಅದರ ಮೇಲೆ ಒಂಟೆ ಚರ್ಮ, ಅದರ ಮೇಲೆ ಮರಳು. ತಲೆತಲಾಂತರದಿಂದ ಹೀಗೆ. ಇಪ್ಪತ್ತು ವರ್ಷದ ಹಿಂದೆ ಕೊನೆಯ ಸಲ ಮುಚ್ಚಿದವಳು ಅವಳೇ. ಪುಣ್ಯಾತ್ಗಿತ್ತಿ ಎಷ್ಟು ಚೆನ್ನಾಗಿ ಮುಚ್ಚಿದ್ದಳೆಂದರೆ ಈಗ ಅವಳಿಗೇ ಸಿಗುತ್ತಿಲ್ಲ.

ಬೆಳಕು ಹರಿಯುವಾಗ ಹೊರಟರು. ಡಾಂಬರು ಮುಗಿದಲ್ಲಿ ವಿಕ್ಟರ್, ಮರಳಲ್ಲಿ ಹೂತುಹೋಗದಂತೆ ಟೈರುಗಳ ಗಾಳಿ ಇಳಿಸಿದ. ಮುಂದೆ ಬರೀ ಮರಳು. ಒಂದು ಕೆಂಪು ದಿಬ್ಬ ಹತ್ತಿದರೆ ಆಚೆ ಇನ್ನೊಂದು, ನಡುವಿನ ತಗ್ಗುಗಳಲ್ಲಿ ಅಲ್ಲೊಂದು ಇಲ್ಲೊಂದು ಪೊದೆ, ಬನ್ನಿಯಂಥ ಗಾಫ್ ಮರ, ನೆರಳಿಗೆ ಒತ್ತಿಕೊಂಡು ನಿಂತ ಒಂಟೆಗಳು, ದೂರದಲ್ಲಿ ಚನಿಯ ನೆಟ್ಟ ಬಾವುಟಗಳ ಸಾಲು. ಮೈಮೂನ ದಿಬ್ಬಗಳನ್ನು ನಂಬಲಿಲ್ಲ, ಗಾಳಿ ಬಂದರೆ ಅವು ಜಾಗ ಬದಲಿಸುತ್ತವೆ. ಎರಡು ಹಳೆಯ ಮರಗಳ ನಡುವೆ ಹೆಜ್ಜೆ ಎಣಿಸಿದಳು. ಅವಳು ತೋರಿಸಿದಲ್ಲಿ ತೋಡಿದ ಮೊದಲ ಗುಂಡಿಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಸಲಿಕೆಗೆ ಹಲಗೆ ತಾಗಿತು.

ಹಲಗೆ ಮುರಿದಿತ್ತು. ಒಳಗೆಲ್ಲ ಮರಳು.

ಚನಿಯ ಇಳಿದು ತೋಡಿದ. ಆಳುದ್ದ ಇಳಿದಿದ್ದನಷ್ಟೆ, ಪಕ್ಕದ ಮರಳು ಜಾರಿತು. ಸೊಂಟ ಮುಳುಗಿತು. ಎದೆ ಮುಳುಗಿತು.

ವಿಕ್ಟರ್ ಹಗ್ಗ ಎಸೆದ. ಅವನೂ ಮೈಮೂನಳೂ ಶಕ್ತಿಮೀರಿ ಎಳೆದು ಚನಿಯನನ್ನು ಮೇಲೆ ತಂದರು.

“ಖಲಾಸ್ ಮಾರಾಯ, ಸಾಕು,” ಎಂದ ವಿಕ್ಟರ್. “ನೀನು ಸತ್ರೆ ನಿನ್ನ ಮನೆಯವ್ರಿಗೆ ನಾನು ಎಂತ ಹೇಳ್ಲಿ?”

ಚನಿಯ ಬಾಯಿಯ ಮರಳು ಉಗುಳಿದ. “ಆ ಪೊದೆಯ ಕಡ್ಡಿ ಕಡಿದು ಕೊಡು. ಅಡಿ ಇಲ್ಲದ ಬುಟ್ಟಿ ಹೆಣೀತೇನೆ. ಅದರ ಒಳಗೆ ಕೂತು ತೋಡ್ಲಿಕ್ಕೆ ಆಗ್ತದೆ.”

ಅಜ್ಜಿಯಿಂದ ಕಲಿತ ಕೈ ಅದು, ಮರೆತಿರಲಿಲ್ಲ. ಬೆರಳು ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಆಳುದ್ದದ ಬುಟ್ಟಿ ಗುಂಡಿಗಿಳಿಯಿತು. ಚನಿಯ ತೋಡಿದಂತೆಲ್ಲ ಅದೂ ಕೆಳಗಿಳಿಯಿತು, ಮರಳು ಹೊರಗೇ ನಿಂತಿತು. ಹನ್ನೆರಡಕ್ಕೆ ಒದ್ದೆ ಮರಳು. ಆಮೇಲೆ ಅರ್ಧ ಬಾಟಲಿ ಉಪ್ಪುಪ್ಪು ಕೆಸರು ನೀರು. ಜಾಗದ ಗುರುತನ್ನು ಜಿಪಿಎಸ್‌ನಲ್ಲಿ ದಾಖಲಿಸಿ ಪಿಕಪ್ ಹತ್ತಿದರು.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಬಾಟಲಿ ಮೇಜಿನ ಮೇಲಿತ್ತು. ಇಂಜಿನಿಯರ್ ನಿಯಮ ಮೀರಲಿಲ್ಲ, ಯಂತ್ರದ ಗುರುತನ್ನು ಅರ್ಧ ಕಿಲೋಮೀಟರ್ ಸರಿಸಿದ. ಅಷ್ಟೇ. ರಸ್ತೆ, ಪೈಪು, ಬೇಲಿ ಎಲ್ಲ ಬಯಲಿನಲ್ಲೇ ಉಳಿದವು. ಒಂಟೆಗಳು ಇನ್ನು ಆ ಬಾವಿಯ ಹತ್ತಿರವೂ ಹೋಗಲಾರವು. ಚನಿಯ ಅದನ್ನು ಮೈಮೂನಳಿಗೆ ಹೇಳಿದ. ಅವಳು ತಲೆಯಾಡಿಸಿದಳು.

ಬಾವಿಯ ಹೆಸರೇನೆಂದು ಇಂಜಿನಿಯರ್ ಕೇಳಿದ, ನಕ್ಷೆಯಲ್ಲಿ ಬರೆಯಲು. ಮನೆತನದ ಹೊರಗೆ ಆ ಹೆಸರನ್ನು ಯಾರೂ ಎತ್ತಿದ್ದಿಲ್ಲ. ಬರೆಯದಿದ್ದರೆ ಸಿಕ್ಕಿದ ಅರ್ಧ ಕಿಲೋಮೀಟರೂ ಹೋದೀತೆಂಬ ಹೆದರಿಕೆಯಿಂದ ಮೈಮೂನ ಚನಿಯನ ಕಿವಿಯಲ್ಲಿ ಹೆಸರು ಹೇಳಿ, ನೀನೇ ಹೇಳು ಎಂದಳು.

ಚನಿಯ ಮೇಜಿನತ್ತ ತಿರುಗಿದ.

“ಹೆಸರಿಲ್ಲ ಸರ್,” ಎಂದ. “ನಂಬರ್ ಹಾಕಿ.”

ಇಂಜಿನಿಯರ್ ಹದಿನೇಳು ಎಂದು ಬರೆದ. ಮೈಮೂನ ಚನಿಯನ ತೋಳು ಹಿಡಿದು ಮೆಟ್ಟಿಲಿಳಿದಳು, ಪಿಕಪ್‌ವರೆಗೂ ಬಿಡಲಿಲ್ಲ.