ಎತ್ತಿನ ಅಳತೆ

ಕುದುರೆಯ ಹೊಟ್ಟೆಯ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ, ಪ್ರೀತಿಯ ಬಗ್ಗೆ ಅದಕ್ಕಿಂತ ಕಡಿಮೆ. ಎರಡನ್ನೂ ಒಂದೇ ಕಥೆಯಲ್ಲಿ ಹೇಳಲು ಹೊರಟಿದ್ದೇನೆ. ದೊಡ್ಡವರು ಕ್ಷಮಿಸಬೇಕು, ತಿಳಿದವರು ತಿದ್ದಿಕೊಂಡು ಓದಬೇಕು.

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ ಗಾಳೆಮ್ಮನ ಬೂಸಾ ಅಂಗಡಿ. ಹಿಂಡಿ, ತೌಡು, ಹುರುಳಿ. ಅಪ್ಪ ಮೊಣಕಾಲು ನೋವೆಂದು ಮನೆ ಹಿಡಿದ ಮೇಲೆ ತಕ್ಕಡಿ ಆಕೆಯ ಕೈಗೆ ಬಂದಿತ್ತು. ಪ್ರತಿ ಸೋಮವಾರ ಬಳಗಾನೂರಿನಿಂದ ವಿರೇಶ ಬರುತ್ತಿದ್ದ. ಮದುವೆ ಮೆರವಣಿಗೆಯಲ್ಲಿ ವರನನ್ನು ಹೊರಲು ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದ. ಹೆಸರು ಚಂಪಾ.

“ನಿನ್ನೆ ಚಂಪಾ ಸಿಟ್ಟಾಗಿದ್ಲು,” ಎನ್ನುವನು, ಹುರುಳಿಯನ್ನು ಅಂಗೈಯಲ್ಲಿ ಹಾಕಿ ಊದುತ್ತ. “ತಡಾ ಮಾಡಿ ಹೋದೆ ನೋಡು, ಮಾರಿ ತಿರುವಿ ನಿಂತ್ಲು. ಆಮ್ಯಾಲೆ ತಾನs ಬಂದು ಹೆಗಲ ಮ್ಯಾಲೆ ತಲಿ ಇಟ್ಲು.”

“ಭಾಳ ಅಗಲ ಐತೇನ್ರೀ ನಿಮ್ಮ ಹೆಗಲು?”

“ಯಾಕ, ಅಳತಿ ತಗೋತಿಯೇನು?”

ಗಾಳೆಮ್ಮ ತಕ್ಕಡಿಯ ಮುಳ್ಳನ್ನೇ ನೋಡಿದಳು. ಕಿವಿ ಬಿಸಿಯಾಗಿತ್ತು. ಕುದುರೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಪಾಟಲೆಂದು ಆಕೆಗೂ ಗೊತ್ತಿತ್ತು. ಆದರೂ ಪಟ್ಟಳು.

ಜವಳಗೇರಾದ ದೀಪಾ ವಿರೇಶನ ಮಾತಿನಲ್ಲಿ ಬರತೊಡಗಿದ ಮೇಲೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಸುತ್ತೆಲ್ಲ ನೆಲ್ಲು, ನಡುವೆ ದೀಪಾಳ ಅರ್ಧ ಎಕರೆ ಕುದುರೆ ಮೆಂತೆ ಮೇವು. ಅದರ ಹಸಿರು ಕಟ್ಟುಗಳನ್ನು ತರಲು ವಿರೇಶ ಅಲ್ಲಿಗೆ ಹೋಗುತ್ತಿದ್ದ.

“ದೀಪಾ ಹೇಳ್ಯಾಳ, ತೌಡು ಕಡಿಮಿ ಮಾಡ್ಬೇಕಂತ. ಬರೇ ನೆಲ್ಲುಹುಲ್ಲು ಹಾಕಿದ್ರ ಕುದುರಿ ಸೊರಗತೈತಂತ. ಹುರುಳಿ ನೆನಸೇ ಹಾಕ್ಬೇಕು, ಸ್ವಲ್ಪ ಸ್ವಲ್ಪ, ನಾಕು ಸಲ.”

“ಮತ್ತೇನು ಹೇಳ್ಯಾಳ?”

“ನೆಕ್ಕಾಕ ಉಪ್ಪಿನ ಗಡ್ಡಿ ಕಟ್ಟು ಅಂದಾಳ.”

“ನಿಮಗೂ ಒಂದು ಕಟ್ಟಂದಿಲ್ಲೇನು?”

ವಿರೇಶ ಬಿದ್ದುಬಿದ್ದು ನಕ್ಕ. ಆದರೆ ಆ ವಾರ ತೌಡು ಒಯ್ಯಲಿಲ್ಲ. ಅವನಿಗೆಂದೇ ಜರಡಿ ಹಿಡಿದು ಎತ್ತಿಟ್ಟ ಚೀಲ ಮೂಲೆಯಲ್ಲಿ ಕೂತು ಗಾಳೆಮ್ಮನನ್ನೇ ನೋಡಿತು.

ಒಂದು ಗುರುವಾರ ಮಸ್ಕಿಯಲ್ಲೇ ಸಂಜೆ ಮೆರವಣಿಗೆ. ವಿರೇಶ ಬೆಳಿಗ್ಗೆಯೇ ಬಂದು ಅಂಗಡಿಯ ಹಿಂದಿನ ಬೇವಿನ ಮರಕ್ಕೆ ಚಂಪಾಳನ್ನು ಕಟ್ಟಿದ. ಅವಳ ಬೆನ್ನಿಗೆ ಹೊದಿಸುವ ಜರಿಯ ಜೂಲು ಹರಿದು ಲಿಂಗಸುಗೂರಿನಲ್ಲಿ ಹೊಲಿಗೆಗೆ ಹೋಗಿತ್ತು.

“ತಗೊಂಡು ನಾಕಕ್ಕ ಬರ್ತೀನಿ. ಮೆಂತಿ ಅರ್ಧ ಕಟ್ಟು, ಮಧ್ಯಾಹ್ನಕ್ಕ ನೆನಸಿದ ಹುರುಳಿ ಒಂದು ಡಬ್ಬಿ. ಅಷ್ಟೇ ನೋಡ. ಬ್ಯಾರೆ ಯಾರ ಕೈಯಾಗೂ ನಾ ಆಕಿನ್ನ ಬಿಡಂಗಿಲ್ಲ.”

ಕೊನೆಯ ಮಾತನ್ನು ಗಾಳೆಮ್ಮ ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಂಪಾ ಕಣ್ಣು ಅರೆಮುಚ್ಚಿ ದೀಪಾಳ ಮೆಂತೆ ತಿಂದಳು. ನೋಡುತ್ತ ನಿಂತ ಗಾಳೆಮ್ಮನ ಎದೆಯಲ್ಲಿ ಏನೋ ಉರಿಯಿತು. ಆಕಿ ಬೆಳದದ್ದು ಅಷ್ಟು ರುಚಿಯೇನು? ಒಳಗೆ ಹೋಗಿ ಬಕೆಟ್ ತೆಗೆದಳು. ಒಣ ಹುರುಳಿ, ಮೇಲೆ ತೌಡು, ಅದರ ಮೇಲೆ ಬೆಲ್ಲದ ನೀರು. ಬಿತ್ತನೆಗೆ ಮುಂಚೆ ಅಪ್ಪ ಎತ್ತುಗಳಿಗೆ ಇಡುತ್ತಿದ್ದುದೂ ಅಷ್ಟೇ. ಆಕೆಯ ಕೈಗೆ ಗೊತ್ತಿದ್ದ ಅಳತೆ ಅದೊಂದೇ.

ಚಂಪಾ ತಳ ನೆಕ್ಕಿದಳು. ನೆಕ್ಕಿ, ಬೆಲ್ಲ ಮೆತ್ತಿದ ಮೂತಿಯನ್ನು ಗಾಳೆಮ್ಮನ ಹೆಗಲ ಮೇಲಿಟ್ಟಳು. ಗೆದ್ದೆ ಅನಿಸಿತು.

ಆ ಗೆಲುವು ಎರಡು ತಾಸೂ ಬಾಳಲಿಲ್ಲ. ಕುದುರೆ ಕಾಲಿನಿಂದ ನೆಲ ಕೆರೆಯತೊಡಗಿತು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿತು, ಮಲಗಿತು, ಎದ್ದಿತು, ಬೆವರಿ ತೊಯ್ದು ಹೋಯಿತು. ವಿರೇಶನ ಫೋನ್ ಹತ್ತಲಿಲ್ಲ. ಮೆಂತೆ ತಂದ ಚೀಲದ ಮೇಲೆ ಮಾತ್ರ ದೀಪಾಳ ನಂಬರ್ ಇತ್ತು.

ಯಾರಿಗೆ ಮಾಡಬಾರದಿತ್ತೋ ಅವಳಿಗೇ ಗಾಳೆಮ್ಮ ಫೋನ್ ಮಾಡಿದಳು.

“ಏನು ಹಾಕಿದ್ರಿ?” ದೀಪಾ ಕೇಳಿದಳು.

“ಡಬ್ಬಿ ಹುರುಳಿ...”

“ಖರೆ ಹೇಳ್ರಿ. ಡಾಕ್ಟರೂ ಅದನ್ನs ಕೇಳ್ತಾರ.”

ಗಾಳೆಮ್ಮ ಕಣ್ಣು ಮುಚ್ಚಿದಳು. “ಬಕೀಟು ತುಂಬ. ಒಣಾದು. ಮ್ಯಾಲೆ ತೌಡು.”

“ಯವ್ವಾ! ಯಾಕ್ರೀ ಅಷ್ಟು?”

“ನಿಮ್ಮ ಮೆಂತಿಗಿಂತ ನಂದು ಹೆಚ್ಚು ತಿನ್ಲಿ ಅಂತ.”

ಆಚೆ ಕಡೆ ದನಿಯಿಲ್ಲ. ಆಮೇಲೆ ದೀಪಾ ಮೆಲ್ಲಗೆ ಹೇಳಿದಳು: “ಎತ್ತು ಮೆಲುಕು ಹಾಕತೈತ್ರಿ, ಕುದುರಿ ಹಾಕಂಗಿಲ್ಲ. ಕಕ್ಕಾಕೂ ಬರಂಗಿಲ್ಲ ಅದಕ್ಕ. ನುಂಗಿದ್ದು ಒಳಗs ಉಬ್ಬತೈತಿ. ಮೇವು ತೆಗೀರಿ, ದನದ ಡಾಕ್ಟರ್ನ ಕರಸ್ರಿ, ಅವರು ಬರೋತನ ಮೆಲ್ಲಕ ನಡಿಸ್ರಿ. ಇನ್ನೊಂದು ಮಾತು. ಹುರುಳಿ ಸಿಂಧನೂರಾಗೂ ಸಿಗತೈತಿ, ನಮ್ಮೂರಿಗೆ ಬರೋ ದಾರ್ಯಾಗ ಅಲ್ಲೇ ತಗೋ ಅಂತ ವಿರೇಶಗ ಎಷ್ಟು ಸಲ ಹೇಳೀನಿ. ಮಸ್ಕಿದೇ ಬೇಕಂತಾನ.”

ಫೋನ್ ಕಟ್ಟಾಯಿತು.

ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸಿ ಔಷಧಿ ಹಾಕಿದರು. ಲದ್ದಿ ಹಾಕಿದರೆ ಬದುಕಿದಳು ಎಂದರು. ನಾಲ್ಕಕ್ಕೆ ವಿರೇಶ ಹೆಗಲ ಮೇಲೆ ಜೂಲು ಹೊತ್ತು ಬಂದ. ಅವನು ಕೇಳುವ ಮೊದಲೇ ಗಾಳೆಮ್ಮ ಎಲ್ಲ ಹೇಳಿದಳು. ಬಕೆಟ್ಟನ್ನೂ, ಏಕೆಂಬುದನ್ನೂ.

ಅವನು ಹಗ್ಗ ತೆಗೆದುಕೊಂಡ. ಬೇವಿನ ಮರದ ಸುತ್ತ ನಡೆದರು, ನಡುವೆ ಕುದುರೆ, ಆಚೆ ಅವನು, ಈಚೆ ಇವಳು. ವರ ಕಾರಿನಲ್ಲಿ ಹೋದ. ಬ್ಯಾಂಡಿನ ಸದ್ದು ಬಂದು ಹೋಯಿತು.

“ಬೈಯ್ರೀ ಒಂದ್ಸಲ,” ಎಂದಳು.

“ಸುಮ್ನ ನಡಿ.”

ಹೊತ್ತು ಇಳಿಯುವಾಗ ಚಂಪಾ ಬಾಲ ಎತ್ತಿ ಲದ್ದಿ ಹಾಕಿದಳು. ಇಬ್ಬರೂ ನಕ್ಕರು, ನಗುತ್ತಲೇ ಗಾಳೆಮ್ಮ ಅತ್ತಳು.

“ಹುರುಳಿ ಸಿಂಧನೂರಾಗೂ ಸಿಗತೈತಂತಲ್ಲ?”

ವಿರೇಶ ಕುದುರೆಯ ಕುತ್ತಿಗೆಯಾಚೆಯಿಂದ ಇಣುಕಿ ನೋಡಿದ. “ಸಿಗತೈತಿ. ಅಲ್ಲಿ ತೂಗಾಕಿ ನೀ ಅಲ್ಲಲ್ಲ.”

“ನನ್ನ ಕೈ ಅಳತಿ ತಪ್ಪತೈತ್ರಿ.”

“ಚಂಪಾಗ ನಾ ಹಾಕ್ತೀನಿ. ನೀ ನನಗ ಬಡಿಸು, ಎಷ್ಟರ ಬಡಿಸು. ನಾ ಮೆಲುಕು ಹಾಕವ.”

ಈಗ ಬಳಗಾನೂರಿನ ಮನೆಯಲ್ಲಿ ಹುರುಳಿ ನೆನೆಸುವವಳು ಗಾಳೆಮ್ಮನೇ. ಡಬ್ಬಿಯ ಬಾಯಿಯನ್ನು ಬೆರಳಿನಿಂದ ಸವರಿ ಸಮ ಮಾಡುತ್ತಾಳೆ, ಒಂದು ಕಾಳು ಹೆಚ್ಚಿಲ್ಲ. ಅವರಿಬ್ಬರ ಮದುವೆಗೆ ಜವಳಗೇರಾದಿಂದ ಎರಡು ಕಟ್ಟು ಮೆಂತೆ ಬಂತು. ದೀಪಾ ಬರಲಿಲ್ಲ.

ಅಂದು ಫೋನಿನಲ್ಲಿ ಸುಮ್ಮನಾದ ಆ ಗಳಿಗೆಯಲ್ಲಿ ದೀಪಾ ಏನನ್ನು ನುಂಗಿದಳು? ಗಾಳೆಮ್ಮ ಕೇಳಲಿಲ್ಲ, ವಿರೇಶನಿಗೆ ಹೊಳೆಯಲೇ ಇಲ್ಲ. ನನಗೂ ಗೊತ್ತಿಲ್ಲ.