ಹದಿನೇಳು ಡಿಗ್ರಿ

"ಹದಿನೇಳು," ಎಂದ ಅವನು, ಡ್ರಮ್ಮಿನೊಳಗಿಂದ ಥರ್ಮಾಮೀಟರ್ ಹೊರಗೆಳೆದು.

ಮಧ್ಯಾಹ್ನ ಮೂರೂವರೆ. ಗಾಜಿನಮನೆಯ ಹಿಂಗೋಡೆಗೆ ತಾಗಿ ನಲವತ್ತು ಕಪ್ಪು ಡ್ರಮ್ಮುಗಳು ನಿಂತಿದ್ದವು. ಹಗಲೆಲ್ಲ ಬಿಸಿಲು ಹೀರಿ, ರಾತ್ರಿಯೆಲ್ಲ ಆ ಕಾವನ್ನು ಮೆಲ್ಲಗೆ ಬಿಟ್ಟುಕೊಡುವುದು ಅವುಗಳಲ್ಲಿದ್ದ ನೀರಿನ ಕೆಲಸ. ಇಷ್ಟು ಹೊತ್ತಿಗೆ ಆ ನೀರು ಇಪ್ಪತ್ತೈದು ಡಿಗ್ರಿ ದಾಟಿರಬೇಕಿತ್ತು.

"ಹದಿನೇಳಂದ್ರೆ?" ಗೊತ್ತಿದ್ದೂ ಕೇಳಿದಳು ಅವಳು.

"ಇವತ್ತು ಹಿಮ ಬೀಳುತ್ತಂತೆ. ಬೆಳಗಾಗೋದ್ರೊಳಗೆ ಇಲ್ಲಿ ನಾಲ್ಕಕ್ಕೆ ಇಳೀಬಹುದು."

ಎಂಟಕ್ಕಿಂತ ಕೆಳಗಿಳಿದರೆ ಅವಳ ಮೆಣಸಿನ ಸಸಿಗಳು ಕಮರಿಹೋಗುತ್ತವೆ. ಐದು ವರ್ಷ ಹೂವಿಗೆ ಹೂವು ಕೂಡಿಸಿ ಅವಳೇ ಮಾಡಿದ ತಳಿ. ಬಿತ್ತಲು ಇನ್ನೊಂದು ಹಿಡಿ ಬೀಜವೂ ಉಳಿದಿರಲಿಲ್ಲ.

"ಬಂದಾಗ ಭಾರೀ ಭಾಷಣ ಮಾಡಿದ್ರಲ್ಲ, ಡ್ರಮ್ ಸಾಹೇಬ್ರೇ! ಸೂರ್ಯ ಒಬ್ಬನಿದ್ರೆ ಸಾಕು ಅಂತ!"

ಆ ಅಡ್ಡಹೆಸರಿಗೆ ದಿನವೂ ನಗುತ್ತಿದ್ದವನು ಇವತ್ತು ನಗಲಿಲ್ಲ. ಅವಳನ್ನೊಮ್ಮೆ ನೋಡಿದ, ಅವಳ ಹಿಂದಿದ್ದ ಸಸಿಗಳ ಸ್ಟ್ಯಾಂಡುಗಳನ್ನೊಮ್ಮೆ ನೋಡಿದ, ಆಮೇಲೆ ಕಣ್ಣು ತಗ್ಗಿಸಿದ.

ಅಷ್ಟರಲ್ಲಿ ಕೆಮ್ಮುತ್ತ ಅವಳ ಅಪ್ಪ ಬಂದರು. ಇಪ್ಪತ್ತು ಚಳಿಗಾಲ ಈ ಗಾಜಿನಮನೆಯನ್ನು ಕಲ್ಲಿದ್ದಲ ಒಲೆಯಿಂದ ಬೆಚ್ಚಗಿಟ್ಟವರು. ಆ ಹೊಗೆಯೆಲ್ಲ ಅವರ ಎದೆಯಲ್ಲಿ ಮನೆಮಾಡಿತ್ತು. ಇನ್ನೊಂದು ಚಳಿಗಾಲ ಒಲೆ ಮುಂದೆ ಕೂತರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಮಗಳು ಈ ಸೋಲಾರ್‌ನವನನ್ನು ಹುಡುಕಿ ಕರೆತಂದಿದ್ದಳು.

"ಏನಪ್ಪಾ, ನಿನ್ನ ಸೂರ್ಯ ಕೈಕೊಟ್ಟನಾ?"

"ನನ್ನ ಅಂದಾಜು ತಪ್ಪಿತು ಯಜಮಾನ್ರೇ," ಎಂದ ಅವನು.

"ಈ ರಾತ್ರಿ ಒಲೆ ಹಚ್ಚೋಕೆ ಇವಳು ನನ್ನ ಬಿಡಲ್ಲ. ಬೆಳಗ್ಗೆ ಎಂಟು ಡಿಗ್ರಿ ಇರ್ಬೇಕು. ಇಲ್ದಿದ್ರೆ ನಾನು ಒಲೆ ಹಚ್ತೀನಿ, ನೀನು ಗಂಟುಮೂಟೆ ಕಟ್ಟು."

ಅಪ್ಪ ಹೋದ ಮೇಲೆ ಅವನು ಸಸಿಗಳ ಸ್ಟ್ಯಾಂಡುಗಳನ್ನು ಪಕ್ಕಕ್ಕೆ ಸರಿಸತೊಡಗಿದ. ಅವಳು ತಡೆಯಲು ಹೋಗಿ, ಎಡವಿ, ಸ್ಟ್ಯಾಂಡಿನ ಹಿಂದಿದ್ದ ಡ್ರಮ್ಮಿಗೆ ಕೈ ಊರಿದಳು. ತಣ್ಣಗಿತ್ತು. ಸ್ಟ್ಯಾಂಡು ಇಲ್ಲದ ಕಡೆಯ ಡ್ರಮ್ಮು ಮುಟ್ಟಿದಳು. ಬೆಚ್ಚಗಿತ್ತು.

ಕಳೆದ ನಾಲ್ಕು ದಿನ ಅವನು ಬೇರೆ ಕೆಲಸಕ್ಕೆಂದು ಹೋಗಿದ್ದಾಗ, ಸಸಿಗಳಿಗೆ ಒಳ್ಳೆ ಬಿಸಿಲು ಸಿಗಲಿ ಎಂದು ಸ್ಟ್ಯಾಂಡುಗಳನ್ನು ಡ್ರಮ್ಮುಗಳ ಮುಂದೆ ತಂದಿಟ್ಟವಳು ಅವಳೇ. ನೀರಿಗೆ ಸೇರಬೇಕಿದ್ದ ಬಿಸಿಲಿಗೆ ತಾನೇ ಅಡ್ಡ ನಿಂತಿದ್ದಳು.

"ನಿಮಗೆ ಗೊತ್ತಿತ್ತಾ?"

"ಇವತ್ತು ಬಂದ ತಕ್ಷಣ ಕಾಣಿಸ್ತು."

"ಮತ್ತೆ ಅಪ್ಪನ ಮುಂದೆ ಯಾಕೆ..."

"ಅವರು ನಿಮ್ಮಪ್ಪ, ನೀವು ಒಂದೇ ಮನೇಲಿ ಇರೋರು. ನಾನು ಹೊರಗಿನವನು. ಬೈಸಿಕೊಂಡು ಹೊರಟುಹೋದ್ರೆ ಯಾರಿಗೂ ನಷ್ಟ ಇಲ್ಲ."

"ಯಾರಿಗೂ?" ಅವಳ ದನಿ ಒಡೆಯಿತು. "ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು? ನನ್ನ ತಪ್ಪು ಹೊರಿ ಅಂತ ನಾನೇನು ಕೇಳಿದ್ನಾ?"

ಅವನ ಕೈ ಸ್ಟ್ಯಾಂಡಿನ ಮೇಲೆಯೇ ನಿಂತಿತು. ಇಬ್ಬರ ನಡುವೆ ಇದ್ದದ್ದು ಒಂದು ಸಾಲು ಸಸಿ ಮಾತ್ರ. ಅವನ ನೋಟ ಅವಳ ಒದ್ದೆ ರೆಪ್ಪೆಗಳ ಮೇಲೆ ಅರೆಗಳಿಗೆ ತಂಗಿ, ಅಪರಾಧ ಮಾಡಿದವನ ಹಾಗೆ ಹಿಂದೆ ಸರಿಯಿತು.

"ಬಿಸಿಲು ಇನ್ನೊಂದು ಗಂಟೆ ಸಿಕ್ಕರೆ ಹೆಚ್ಚು," ಎಂದ ಕೊನೆಗೆ. "ಇಷ್ಟು ದೊಡ್ಡ ಮನೆ ಬೆಚ್ಚಗಿಡೋಕೆ ಈ ನೀರು ಸಾಲಲ್ಲ. ಒಂದು ಪುಟ್ಟ ಗೂಡಿಗಾದ್ರೆ ಸಾಕು."

ಬಿಸಿಲು ಇರುವಷ್ಟು ಹೊತ್ತು ಡ್ರಮ್ಮುಗಳನ್ನು ಅದಕ್ಕೆ ಒಡ್ಡಿದರು. ಹೊತ್ತು ಇಳಿದ ಮೇಲೆ ಸಸಿಗಳ ಟ್ರೇಗಳನ್ನೆಲ್ಲ ಡ್ರಮ್ಮುಗಳ ಬುಡಕ್ಕೆ ಒತ್ತೊತ್ತಾಗಿ ಜೋಡಿಸಿದರು. ಮೇಲೆ ಹಗ್ಗ ಕಟ್ಟಿ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಅದರ ಮೇಲೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಕಂಬಳಿಯ ತುದಿ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ಬಿಡಲಿಲ್ಲ.

ಅವಳು ನೇರ ಅಪ್ಪನ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಅವನ್ಯಾಕೆ ತನ್ನ ಮೇಲೆ ಹಾಕ್ಕೊಂಡ?" ಅಪ್ಪ ಕೇಳಿದರು.

"ನನಗೇನು ಗೊತ್ತಪ್ಪ?"

"ನಿನಗೆ ಗೊತ್ತಿಲ್ದಿದ್ರೆ ಇನ್ಯಾರಿಗೆ ಗೊತ್ತಿರುತ್ತೆ ಪುಟ್ಟೀ?" ಎಂದು ಮಗಳ ಮುಖವನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಆದ್ರೂ ಮಾತು ಅಂದ್ರೆ ಮಾತು. ಎಂಟು."

ಬೆಳಗ್ಗೆ ಗಾಜಿನ ಮೇಲೆಲ್ಲ ಬೆಳ್ಳಗೆ ಹಿಮ ಕಟ್ಟಿತ್ತು. ಒಲೆಯ ಪಕ್ಕ ಬೆಂಕಿಪೊಟ್ಟಣ ಹಿಡಿದು ಅಪ್ಪ ನಿಂತಿದ್ದರು. ಅವನು ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಿದ್ದ. ಕಂಬಳಿ ಸರಿಸಿ ಒಳಗೆ ತೆವಳಿದ ಅವಳ ಸದ್ದೇ ಇಲ್ಲ.

"ಏನೇ? ಹೇಳೇ!" ಅಪ್ಪ ಕೂಗಿದರು.

"ಒಂಬತ್ತು..." ಒಳಗಿಂದ ಅಳುವೋ ನಗುವೋ ತಿಳಿಯದ ದನಿ. "ಅಪ್ಪಾ, ಒಂಬತ್ತು! ಅಂಚಿನ ಒಂದು ಸಾಲು ಬಾಡಿದೆ. ಉಳಿದವೆಲ್ಲ ನೆಟ್ಟಗಿವೆ!"

ಅಪ್ಪ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, "ಕಾಫಿಗೆ ಇಡ್ತೀನಿ. ಮೂರು ಲೋಟ," ಎಂದು ಹೊರಟರು.

ಅವಳು ಮೊಣಕಾಲಿನ ಮಣ್ಣು ಕೊಡವುತ್ತ ಎದ್ದು ಅವನೆದುರು ನಿಂತಳು. "ಈಗ ಹೇಳಿ. ನನ್ನ ತಪ್ಪು ಯಾಕೆ ಹೊತ್ಕೊಂಡ್ರಿ?"

ಅವನು ಬ್ಯಾಗಿನ ಪಟ್ಟಿಯನ್ನು ತಿರುವುತ್ತ ನಿಂತ. "ನಿಜ ಹೇಳ್ಲಾ? ಇಲ್ಲಿನ ನನ್ನ ಕೆಲಸ ಮುಗಿದು ಮೂರು ವಾರ ಆಯ್ತು."

"ಮತ್ತೆ ಅಷ್ಟು ದಿನ ಬಂದು ಅಳೀತಿದ್ದಿದ್ದು ಏನನ್ನ?"

"ಏನೂ ಇಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಬೇರೆ ನೆಪ ಸಿಗ್ಲಿಲ್ಲ."

ರಾತ್ರಿಯಿಡೀ ಅವಳು ಬಿಗಿಹಿಡಿದಿದ್ದ ಉಸಿರು ಈಗ ಸಡಿಲವಾಗಿ, ಬಾಯಿಂದ ಬಿಳಿ ಹಬೆಯಾಗಿ ಹೊರಬಂತು. ಕೈಚಾಚಿ ಅವನ ಹೆಗಲಿನ ಬ್ಯಾಗನ್ನು ಇಳಿಸಿಕೊಂಡಳು.

"ಇನ್ಮೇಲೆ ನೆಪ ಬೇಡ," ಎಂದಳು. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ ಬಹುವಚನ ಬಿಟ್ಟು, ಮೆಲ್ಲಗೆ: "ಮನೆಯೊಳಗೆ ಬಾ. ಕಾಫಿ ಆರಿಹೋಗುತ್ತೆ."