ನಾಡಿದ್ದು ಸೋತ ಪಂದ್ಯ

"ಅದು ನಾನು ಬರೆದದ್ದಲ್ಲ ವಾರಿಜಕ್ಕಾ, ದೇವರಾಣೆ!"

ಡೊಂಬಿವಲಿಯಲ್ಲಿ ಯಜ್ಞೇಶ್ವರನ ಹೋಟೆಲಿನಲ್ಲಿ ಕೂತ ಕಮಲಾಕ್ಷರು ಮುಂದಿದ್ದ ಚಹಾದ ಲೋಟವನ್ನು ಅತ್ತ ಸರಿಸಿದರು. ೧೯೯೪ರ ಆ ಡಿಸೆಂಬರಿಗೆ ಅವರು ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿ ಒಂಬತ್ತು ವರ್ಷ. ಎಪ್ಪತ್ತೊಂದು ಗೆಲುವು, ಹದಿನಾಲ್ಕು ಡ್ರಾ, ಒಂಬತ್ತೇ ಸೋಲು. ಎಲ್ಲವನ್ನೂ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಶನಿವಾರ ಕಲ್ಯಾಣದ ಫೈನಲ್ ಸೋತರು. ಸೋಮವಾರ ಅದೇ ಪುಸ್ತಕದಲ್ಲಿ, ತಾನು ಬೇಕೆಂದೇ ಸೋತೆ ಎಂದು ಅವರೇ ಬರೆದಂತಿದ್ದ ಬಿಡಿಹಾಳೆ ಸಿಕ್ಕಿತು. ಪ್ರಿನ್ಸಿಪಾಲರಿಗೆ ಕನ್ನಡ ಬಾರದು. ಕನ್ನಡ ಕಲಿತಿದ್ದ ಮರಾಠಿ ಹುಡುಗ, ಸಹಾಯಕ ಕೋಚ್ ಪ್ರಥಮ ಅದನ್ನು ಮರಾಠಿಯಲ್ಲಿ ಓದಿ ಹೇಳಿದ. ಹಾಳೆಯನ್ನು ಕಮಲಾಕ್ಷರಿಗೆ ತೋರಿಸಲೂ ಇಲ್ಲ. ನಾಳೆ ಸಂಜೆಯೊಳಗೆ ಅವರು ರಾಜೀನಾಮೆ ಕೊಡಬೇಕು.

ಯಜ್ಞೇಶ್ವರನ ಪಿತ್ತ ನೆತ್ತಿಗೇರಿತು. "ಎಂತ ಮಾತು ಮಾರಾಯ್ರೆ! ಇವರು ಬೇಕೆಂದು ಸೋಲುವುದುಂಟಾ?"

ಮಹಡಿಯ ಮನೆಯ ವಾರಿಜಾ ನಿವೃತ್ತ ಕನ್ನಡ ಟೀಚರು; ಭಾನುವಾರ ಆಸಕ್ತರಿಗೆ ಮನೆಯಲ್ಲೇ ಕನ್ನಡ ಕಲಿಸುತ್ತಿದ್ದರು. ಓಣಿಯಲ್ಲಿ ಏನೇ ಕಳವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು; ಜೊತೆಗೆ ಓಡುವವನು ಯಜ್ಞೇಶ್ವರನೇ. "ಹಾಳೆ ನೋಡುವ," ಎಂದು ಅವರು ಎದ್ದರು.

ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ಒಪ್ಪಿಸಿ ಅದನ್ನು ಓದಿದರು: "ನಾಡಿದ್ದು ಕಲ್ಯಾಣದಲ್ಲಿ ಬೇಕೆಂದೇ ಸೋತೆ. ಯಾರಿಗೂ ತಿಳಿಯಬಾರದು." ಬಳಿಕ ಪುಸ್ತಕ ಕೈಗೆ ಸಿಗುವ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: ಆ ಪುಸ್ತಕವನ್ನು ಕಡೆಯದಾಗಿ ಕಂಡದ್ದು ಯಾವಾಗ?

ಹಾಳೆ ಸಿಕ್ಕಿದ್ದು ಮೈದಾನ ನೋಡಿಕೊಳ್ಳುವ ಕಲಬುರಗಿಯ ಸಂಗಮೇಶನಿಗೆ. ಹಿಂದಿನ ವಾರ ಕೋಚ್ ಅವನನ್ನು ಎಲ್ಲರೆದುರು ಬೈದಿದ್ದರು. "ಮೊನ್ನಿ ಸಂಜಿಕ ಕಂಡಿದ್ದೆ ನೋಡ್ರಿ. ಇವತ್ತ ಕಸಾ ಹೊಡಿವಾಗ ಹಾಳಿ ಬಿತ್ತು, ಆಫೀಸಿಗಿ ಕೊಟ್ನಿ. ನಾ ಯಾಕ ಬರೀಲ್ರೀ?"

"ನಾನು ನಾಡಿದ್ದು ನೋಡಿದೆ ಟೀಚರ್, ಮ್ಯಾಚ್ ಆದ್ಮೇಲೆ," ಎಂದ ಪ್ರಥಮ.

ಯಜ್ಞೇಶ್ವರ ಸಂಗಮೇಶನನ್ನೇ ದುರುಗುಟ್ಟಿ ನೋಡಿದ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ವಾರಿಜಾ ಹಾಳೆಯನ್ನು ಮೇಜಿನ ಮೇಲಿಟ್ಟು, ಪ್ರಿನ್ಸಿಪಾಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳತೊಡಗಿದರು.

"ಕನ್ನಡದಲ್ಲಿ ಕಳೆದದ್ದು ಮೊನ್ನೆ, ಬರಲಿರುವುದು ನಾಡಿದ್ದು. ಮರಾಠಿಯಲ್ಲಿ ಎರಡಕ್ಕೂ 'ಪರವಾ' ಒಂದೇ. ಶನಿವಾರ ಸೋತ ಪಂದ್ಯವನ್ನು ಸೋಮವಾರ 'ನಾಡಿದ್ದು ಸೋತೆ' ಎಂದು ಉಡುಪಿಯ ಕಮಲಾಕ್ಷರು ಬರೆಯಲಾರರು, ಕಲಬುರಗಿಯ ಸಂಗಮೇಶನೂ ಬರೆಯಲಾರ. ಬರೆದವನು ಮರಾಠಿಯಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದಿದ್ದಾನೆ. ಅವನೇ ಮರಾಠಿಗೆ ತಿರುಗಿಸಿ ಓದಿದ್ದರಿಂದ ಸಾಹೇಬರಿಗೂ ತಪ್ಪು ಕಾಣಲಿಲ್ಲ. ಒಂಬತ್ತು ವರ್ಷ ಈ ಪುಸ್ತಕ ನೋಡಿದವನಿಗೆ ಕೋಚರ ಅಕ್ಷರ ನಕಲು ಮಾಡುವುದು ಕಷ್ಟವೇ? ಅವರು ಹೋದರೆ ಕುರ್ಚಿಯೂ ಅವನದೇ." ಆಮೇಲೆ ಪ್ರಥಮನನ್ನು ನೋಡಿ ಕನ್ನಡದಲ್ಲಿ ಕೇಳಿದರು. "ಭಾನುವಾರದ ತರಗತಿಯಲ್ಲಿ ಈ ತಪ್ಪನ್ನು ಎಷ್ಟು ಸಲ ತಿದ್ದಿದ್ದೆನೋ ಪ್ರಥಮ! ನಿನಗೆ ಅಕ್ಷರ ಕಲಿಸಿದ್ದು ಇದಕ್ಕಾ?"

ಪ್ರಥಮ ತಲೆ ತಗ್ಗಿಸಿದ. "ಸರ್ ರಿಟೈರ್ ಆಗೋ ತನಕ ನಾನು ಅಸಿಸ್ಟೆಂಟೇ ಆಗಿರ್ಬೇಕಾ, ಟೀಚರ್?"

ಯಜ್ಞೇಶ್ವರ ನಾಚಿಕೊಂಡು ಸಂಗಮೇಶನ ಕೈ ಹಿಡಿದ. ಪ್ರಿನ್ಸಿಪಾಲರು ಕ್ಷಮೆ ಕೇಳಿ ಪೊಲೀಸರಿಗೆ ಫೋನ್ ಮಾಡಹೊರಟರು. ಕಮಲಾಕ್ಷರು ಮರಾಠಿಯಲ್ಲೇ ತಡೆದರು.

"ಪೊಲೀಸು ಬೇಡ ಸಾಹೇಬ್ರೆ. ನನ್ನ ಮೊದಲ ತಂಡದ ಕ್ಯಾಪ್ಟನ್ ಇವ." ಬಳಿಕ ಪ್ರಥಮನ ಕಡೆ ತಿರುಗಿ, "ನಾಳೆಯಿಂದ ಮೈದಾನಕ್ಕೆ ಬರಬೇಡ," ಎಂದರು.

ಒಂಬತ್ತು ವರ್ಷದಲ್ಲಿ ಅವರು ಯಾವ ಹುಡುಗನಿಗೂ ಆ ಮಾತು ಹೇಳಿದವರಲ್ಲ. ಹೇಳಿ ಮುಗಿಸಿ ಗೋಡೆಯ ಕಡೆ ಮುಖ ಮಾಡಿ ಅತ್ತರು.